ಬಿಡಬ್ಯಾಡ್ರಿ

ಸಿಂಧನೂರು
19 ಮಾರ್ಚ್ 2025, ಬುಧವಾರ

ಪ್ರೀತಿಯ ಮೊಮ್ಮಗ ಅಜೀಮ್‌ಗೆ ನಿನ್ನ ದಾದಾನ ದುವಾಗಳು.

ಹೇಗಿದ್ದೀಯಪ್ಪ? ಲಿಂಗಸುಗೂರಿನ ಜೈಲಿನಲ್ಲಿ ರೋಜಾ ಉಪವಾಸ ಇರುವವರಿಗೆ ನಸುಕಿನ ಸಹರಿ ಹೊತ್ತಿಗೆ ಏನಾದರೂ ಕೊಡುತ್ತಾರೋ, ನೀರು ಕುಡಿದೇ ದಿನ ತೆಗೆಯುತ್ತಿದ್ದೀಯೋ? ಬೆನ್ನುನೋವಿನ ಮಾತ್ರೆ ಮರೆಯಬೇಡ. ನಿನ್ನ ದಾದಿ ಮಾಸುಂಬಿ ಇಫ್ತಾರಿಗೆ ಕೂತಾಗಲೆಲ್ಲ ‘ಅಲ್ಲಿ ಅವಗ ಖರ್ಜೂರರೆ ಸಿಗತಾವೋ ಇಲ್ಲೋ’ ಎನ್ನುತ್ತಾಳೆ, ಉತ್ತರಕ್ಕೆ ಕಾಯುವುದಿಲ್ಲ. ನನಗೆ ಶುಗರು, ರೋಜಾ ಇಲ್ಲ. ಆದರೂ ತುತ್ತು ಇಳಿಯುತ್ತಿಲ್ಲ. ನಿನ್ನ ಹೆಂಡತಿ ವಸೀಮಾ ನನ್ನೊಂದಿಗೆ ಮಾತು ಬಿಟ್ಟು ಎಂಟು ದಿನವಾಯಿತು. ತಟ್ಟೆ ಮುಂದಿಟ್ಟು, ಮುಖ ನೋಡದೆ ಒಳಗೆ ಹೋಗುತ್ತಾಳೆ. ಅವಳ ತಪ್ಪೇನೂ ಇಲ್ಲ.

ಜಗಳವಾದ ಕಾಲುವೆಯ ಗೇಟಿನ ಹತ್ತಿರ ಪೊಲೀಸ್ ವ್ಯಾನು ಇನ್ನೂ ನಿಂತಿದೆ. ನಮ್ಮವರು, ಕೆಳಗಿನ ಊರಿನವರು ಒಂದೇ ಆಟೋ ಹತ್ತುವುದನ್ನು ಬಿಟ್ಟಿದ್ದಾರೆ. ಭತ್ತ ಹೊಡೆ ತುಂಬುವ ಹೊತ್ತಿನಲ್ಲಿ ಇಬ್ಬರೂ ಗದ್ದೆಗೆ ಹೋಗಲು ಹೆದರುತ್ತಿದ್ದಾರೆ. ನಿನ್ನೆ ಯಾರದೋ ಬೈಕು ಜೋರಾಗಿ ಬಂತೆಂದು ನಮ್ಮ ಓಣಿಯ ಬಾಗಿಲುಗಳೆಲ್ಲ ಪಟಪಟ ಮುಚ್ಚಿಕೊಂಡವು. ನಾನೂ ಮುಚ್ಚಿದೆ. ಯುದ್ಧಗಳ ಪಾಠ ಹೇಳಿ ಪಿಂಚಣಿ ತಿನ್ನುವ ಮನುಷ್ಯ ಬೈಕಿನ ಸದ್ದಿಗೆ ಚಿಲಕ ಹಾಕಿದ ಎಂದು ನೀನು ನಗಬಹುದು, ನಗು.

ಚಿಕ್ಕವನಿದ್ದಾಗ ನೀನು ನನ್ನಿಂದ ಹೇಳಿಸಿಕೊಳ್ಳುತ್ತಿದ್ದ ಬಡಗಿಯ ಕಥೆ ಈ ದಿನಗಳಲ್ಲಿ ತಲೆ ತಿನ್ನುತ್ತಿದೆ. ಅಮೆರಿಕ, ಮೆಕ್ಸಿಕೊ ಗಡಿಯಲ್ಲಿ ಸುಮಾರು ಹತ್ತು ವರ್ಷ ನಡೆದ ಕಾದಾಟಗಳಲ್ಲಿ ಅದೂ ಒಂದು. ಕಾರಿಸಾಲ್ ಎಂಬಲ್ಲಿ, ಊರೊಳಗಿಂದ ಹಾಯಬೇಡಿ ಎಂದರೂ ಹಟ ಹಿಡಿದು ನುಗ್ಗಿದ ಅಮೆರಿಕದ ದಂಡು ಏಟು ತಿಂದಿತು. ಅದು ಹಟದ ಯುದ್ಧ, ನಿನಗೆ ರುಚಿಸುತ್ತಿರಲಿಲ್ಲ. ನಿನಗೆ ಬೇಕಾಗಿದ್ದದ್ದು ನೊಗಾಲೆಸ್. ಒಂದೇ ಬೀದಿ, ಈ ಬದಿ ಒಂದು ದೇಶ, ಆ ಬದಿ ಇನ್ನೊಂದು. 1918ರ ಆಗಸ್ಟ್‌ನಲ್ಲಿ ಒಬ್ಬ ಬಡಗಿ ಗಂಟು ಹಿಡಿದು ತನ್ನ ಮನೆ ಕಡೆ ಬೀದಿ ದಾಟುತ್ತಿದ್ದ. ಅಮೆರಿಕದ ಸುಂಕದವನು ನಿಲ್ಲು ಎಂದ, ಮೆಕ್ಸಿಕೊದ ಸುಂಕದವರು ಬಾ ಎಂದರು. ಬಡಗಿ ಗೊಂದಲಕ್ಕೆ ಬಿದ್ದ, ಯಾರದೋ ಬಂದೂಕು ಹಾರಿತು, ಸಂಜೆಯೊಳಗೆ ಎರಡೂ ಕಡೆ ಹೆಣ ಬಿದ್ದವು. ಮೆಕ್ಸಿಕೊ ಕಡೆಯ ನಗರಾಧ್ಯಕ್ಷ ಕೈಕೋಲಿಗೆ ಬಿಳಿ ಕರವಸ್ತ್ರ ಕಟ್ಟಿಕೊಂಡು, ಸಾಕು ನಿಲ್ಲಿಸಿ ಎನ್ನುತ್ತಾ ಬೀದಿಗೆ ಬಂದ. ಅವನನ್ನೂ ಕೊಂದರು. ಮೊದಲ ಗುಂಡು ಯಾರದೆಂದು ಇಂದಿಗೂ ವಾದ ಮುಗಿದಿಲ್ಲ. ನಮ್ಮ ಗೇಟಿನ ಹತ್ತಿರ ಮೊದಲ ಮಾತು ಯಾರದೆಂದು ನನಗೆ ಗೊತ್ತಿದೆ, ಅಜೀಮ್. ನಿನಗೂ ಗೊತ್ತಿದೆ.

ಆ ಮಂಗಳವಾರ ಸಂಜೆ ಆರರ ತನಕ ನೀರಿನ ಸರದಿ ನಮ್ಮದು. ನಾಲ್ಕಕ್ಕೇ ಕೆಳಗಿನ ಊರಿನವರು ಬಂದರು, ಮುಂದೆ ಅಂಬಪ್ಪ. ಮಸ್ಕಿಯಲ್ಲಿ ಮೂರು ವರ್ಷ ನನ್ನ ಕೈಯಲ್ಲಿ ಕಲಿತವನು, ಇಸವಿಗಳನ್ನು ಗಿಣಿಯಂತೆ ಒಪ್ಪಿಸುತ್ತಿದ್ದವನು. ಗೇಟು ಎತ್ತಿದರೆ ನೀರು ಅವರ ಪಾಲಿಗೆ. ಅಂಬಪ್ಪ ಗೇಟಿಗೆ ಕೈ ಹಾಕಿದ, ನಮ್ಮ ಹುಡುಗರು ಅವನ ಕೊರಳಪಟ್ಟಿ ಹಿಡಿದರು. ದಂಡೆಯ ಮೇಲೆ ನಿಂತಿದ್ದ ನಾನು ‘ಬಿಡಬ್ಯಾಡ್ರಿ’ ಎಂದು ಕೂಗಿದೆ. ನೀರು ಬಿಡಬ್ಯಾಡ್ರಿ ಎಂಬುದು ನನ್ನ ಮನಸ್ಸಿನಲ್ಲಿ. ಅವನನ್ನು ಬಿಡಬ್ಯಾಡ್ರಿ ಎಂದು ಅವರ ಕಿವಿಗೆ. ಗುಂಪಿನಲ್ಲಿ ಯಾರದೋ ಸಲಿಕೆಯ ಕಾವು ಎದ್ದಿತು, ಅಂಬಪ್ಪನ ತಲೆ ಒಡೆಯಿತು. ಕರ್ಮಪದ ನುಂಗಿ ಮಾತಾಡಬೇಡಿ ಎಂದು ಮೂವತ್ತು ವರ್ಷ ಮಕ್ಕಳ ಕಿವಿ ಹಿಂಡಿದವನು ನಾನು. ಕರವಸ್ತ್ರ ಹಿಡಿದು ನಡುವೆ ಹೋಗಬೇಕಾದ ವಯಸ್ಸಿನಲ್ಲಿ ದಂಡೆಯ ಮೇಲೆ ನಿಂತು ಅರ್ಧ ವಾಕ್ಯ ಕೂಗಿದೆ.

ಠಾಣೆಯಲ್ಲಿ ಕೂಗಿದವರು ಯಾರೆಂದು ಕೇಳಿದಾಗ ನೀನು ‘ನಾನ ರೀ’ ಎಂದೆ. ನಾನು ನಿನ್ನ ಪಕ್ಕದಲ್ಲೇ ಇದ್ದೆ, ನಾಲಿಗೆ ಏಳಲಿಲ್ಲ. ಕೂಗಿ ಹೊಡೆಸಿದವನೆಂದು ಈಗ ನಿನ್ನ ಮೇಲೆ ಕೊಲೆಗೆ ಯತ್ನದ ಕೇಸು. ಜಾಮೀನು ಸುಲಭವಿಲ್ಲ ಎನ್ನುತ್ತಾರೆ ವಕೀಲರು. ಹೋಗಿ ಹೇಳಿಬಿಡುತ್ತೇನೆಂದು ಚಪ್ಪಲಿ ಮೆಟ್ಟಿದಾಗ ನಿನ್ನ ದಾದಿ ಬಾಗಿಲಿಗೆ ಅಡ್ಡ ನಿಂತಳು. ‘ಅವ ಪ್ರಾಯದಾಂವ, ತಡಕೋತಾನ. ಎಪ್ಪತ್ತಾರಕ್ಕ ನೀವು ಒಳಗ ಹೋದ್ರ ಹೊರಗ ಬರೂದು ಹೆಣಾನ’ ಎಂದಳು. ಅವಳ ಮಾತಿಗೆ ಬೆಲೆ ಕೊಟ್ಟು ಉಳಿದೆ ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಜೈಲೆಂದರೆ ಭಯ. ಅವಳು ಅಡ್ಡ ನಿಂತದ್ದು ಒಳ್ಳೆಯದೇ ಆಯಿತೆನ್ನಿಸಿತು, ನಾಚಿಕೆಯೂ ಆಯಿತು.

ಇವತ್ತು ಇಲ್ಲಿನ ಆಸ್ಪತ್ರೆಗೆ ಹೋಗಿ ಅಂಬಪ್ಪನನ್ನು ನೋಡಿ ಬರುತ್ತೇನೆ. ಕಾಗದವನ್ನು ಅಲ್ಲಿಂದಲೇ ಡಬ್ಬಿಗೆ ಹಾಕುತ್ತೇನೆ. ಮೈ ಕಡೆ ನೋಡಿಕೋ, ಯಾರೊಂದಿಗೂ ಮಾತಿಗೆ ಮಾತು ಬೆಳೆಸಬೇಡ. ಅಲ್ಲಾಹ್ ನಿನ್ನನ್ನು ಈದ್‌ಗೆ ಮೊದಲೇ ಮನೆಗೆ ಮುಟ್ಟಿಸಲಿ.

ನಿನ್ನ ದಾದಾ,
ದಸ್ತಗೀರ್‌ಸಾಬ್

ತಾ.ಕ.: ಆಸ್ಪತ್ರೆಯ ಬೆಂಚಿನ ಮೇಲೆ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದೆ. ಅಂಬಪ್ಪನಿಗೆ ಮಾತು ಬಂದಿದೆ. ಕೂಗಿದವನು ನಾನು ಎಂದು ಬಾಯಿ ತೆರೆಯುವಷ್ಟರಲ್ಲಿ ಅವನೇ ಅಂದ: ‘ನಿಮ್ಮ ದನಿ ನನಗ ತಿಳಿಯಂಗಿಲ್ಲೇನ್ರಿ ಮಾಸ್ತರ್ರ? ನಿಮ್ಮ ಹೆಸರು ಬರಸಾಕ ಮನಸ್ಸು ಬರ್ಲಿಲ್ಲ. ಅಜೀಮ್ ತಾನ ಅಂತ ಒಪ್ಪಿಕೊಂಡಿದ್ದ, ಪೊಲೀಸ್ರಿಗೆ ಹೂಂ ಅಂದೆ.’ ಆಮೇಲೆ ಕೇಳಿದ: ‘ನನ್ನ ಹೊಡೀರಿ ಅಂತ ಯಾಕ ಅಂದ್ರಿ?’ ಎಂಟು ದಿನ ಹಾಗೆಂದೇ ನಂಬಿ ಮಲಗಿದ್ದಾನೆ, ಆದರೂ ನನ್ನನ್ನು ಕಾಪಾಡಿದ್ದಾನೆ. ನೀರಿನ ಮಾತೆಂದು ಹೇಳಿದೆ. ಗೋಡೆ ಕಡೆ ತಿರುಗಿ ಅತ್ತ. ನಾನು ಇಲ್ಲಿಂದ ನೇರವಾಗಿ ಠಾಣೆಗೆ ಹೋಗುತ್ತಿದ್ದೇನೆ. ನಿನ್ನನ್ನು ಮತ್ತೆ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳು, ನನ್ನ ಆಣೆ. ನಿನ್ನ ದಾದಿಗೆ ತಿಳಿಸಿಲ್ಲ. ನೀನು ಹೊರಗೆ ಬಂದು ತಿಳಿಸು.