ಕಣ್ಣುಬೇನೆ ಇಳಿಯುವ ಮೊದಲು

ಜೂನ್ 22, 1981. ಬೆಳಿಗ್ಗೆ

ಇವತ್ತೂ ಮಗ್ಗಕ್ಕೆ ಇಳಿಯಲಿಲ್ಲ. ಬಿಸಿನೀರಲ್ಲಿ ಅರಿವೆ ಅದ್ದಿ ರೆಪ್ಪೆ ಬಿಡಿಸಿಕೊಂಡೆ. ಓಣಿ ತುಂಬ ಕಣ್ಣುಬೇನೆ. ಇಳಕಲ್ಲಿನಲ್ಲಿ ಮಗ್ಗದ ಸಪ್ಪಳವೇ ಇಲ್ಲ. ದೇಶದ ತುಂಬ, ಹೊರದೇಶಗಳಲ್ಲೂ ಇದೇ ಬೇನೆ ಎಂದು ರೇಡಿಯೋದಲ್ಲಿ ಹೇಳಿದರು.

ಕಂಪೌಂಡರ್ ಹುಸೇನಪೀರ ಡ್ರಾಪ್ಸ್ ಹಾಕಿದ. ಕರಿ ಚಷ್ಮಾ ಹಾಕಿಕೊ ಎಂದ. ಪೇಟೆಯಲ್ಲೇ ಕೊಂಡು, ಹಾಕಿಕೊಂಡು ಮನೆಗೆ ಬಂದೆ. ಅವ್ವ ನೋಡಿದಳು. ನೋಡುತ್ತಲೇ ನಿಂತಳು.

"ತೆಗೀಬ್ಯಾಡ," ಎಂದಳು.

ಯಾಕೆ ಎಂದು ಗೊತ್ತು. ಎಂಟು ವರ್ಷದವನಿದ್ದಾಗ ಅಪ್ಪನ ಮಗ್ಗದ ಲಾಳಿ ಹಾರಿ ಎಡಗಣ್ಣಿಗೆ ಬಡಿಯಿತು. ಹೂ ಬಿತ್ತು. ಕಣ್ಣು ಬೆಳ್ಳಗಿದೆ, ಏನೂ ಕಾಣುವುದಿಲ್ಲ. ಈಗ ಮೂವತ್ತು. ಮೂರು ಸಂಬಂಧ ಬಂದವು. ಮುಖ ನೋಡಿ ತಿರುಗಿ ಹೋದವು.

ಜೂನ್ 29

ನಿನ್ನೆ ಕುಳಗೇರಿ ಕ್ರಾಸಿಗೆ ಹೆಣ್ಣು ನೋಡಲು ಹೋಗಿದ್ದೆವು. ಆಷಾಢ ಬರುವ ಮೊದಲೇ ಆಗಬೇಕೆಂದು ನಾಲ್ಕೇ ದಿನದಲ್ಲಿ ಎಲ್ಲ ಹೊಂದಿಸಿದಳು ಅವ್ವ. ಹುಡುಗಿಯ ಅಪ್ಪ ಕಳಕಪ್ಪ. ಕ್ರಾಸಿನಲ್ಲಿ ಅರಿವೆ ಅಂಗಡಿ. ಅವರಿಗೂ ಬೇನೆ, ಅವರಿಗೂ ಕರಿ ಚಷ್ಮಾ.

"ಚೊಲೊ ಬೀಗರು ಸಿಕ್ಕರ ನೋಡ್ರಿ! ನಿಮ್ಮದೂ ಕೆಂಪು, ನಮ್ಮದೂ ಕೆಂಪು!" ಎಂದು ನಕ್ಕರು. ಅವ್ವ ಎಲ್ಲರಿಗಿಂತ ಜೋರಾಗಿ ನಕ್ಕಳು.

ಹುಡುಗಿ ಕಾಳವ್ವ. ಚಹಾ ಕೊಡುವಾಗ ಮೆಲ್ಲಗೆ ಕೇಳಿದಳು, "ಎರಡೂ ಉರೀತಾವೇನ್ರಿ?"

"ಹ್ಞೂಂ," ಎಂದೆ.

ಒಂದೇ ಉರಿಯುತ್ತಿತ್ತು.

ಒಪ್ಪಿದರು. ಲಗ್ನ ಶ್ರಾವಣದಲ್ಲಿ. ಆಗಸ್ಟ್ 20.

ಜುಲೈ 9

ಬಲಗಣ್ಣು ವಾಸಿಯಾಗಿ ವಾರವಾಯಿತು. ಚಷ್ಮಾ ಮಾತ್ರ ಹೋಗಿಲ್ಲ. ಹಂದರ, ಅಡುಗೆಯವರು, ಕಾರ್ಡು… ಅವ್ವ ಹೇಳುತ್ತಾಳೆ, ನಾನು ಬರೆದುಕೊಳ್ಳಬೇಕು. ಕೈ ಓಡುವುದಿಲ್ಲ. ಕೂತಲ್ಲಿ ಕೂರಲಾಗುತ್ತಿಲ್ಲ.

ಹುಸೇನಪೀರ ಓಣಿಯಲ್ಲಿ ಹೊರಟಿದ್ದ. ಅವ್ವ ತಡೆದು ಕೇಳಿದಳು, "ಈ ಬ್ಯಾನಿ ಇನ್ನೂ ಎಷ್ಟ ದಿವಸ ಇರತೈತಪಾ?"

"ಇಳೀತ ಬಂತ್ರೀ ಯವ್ವಾ. ಇನ್ನ ಹದಿನೈದ ದಿವಸ."

ಅವ್ವನ ಮುಖ ಸಣ್ಣದಾಯಿತು. ಲಗ್ನಕ್ಕೆ ಇನ್ನೂ ನಲವತ್ತೆರಡು ದಿನ. ಊರೆಲ್ಲ ಬೇನೆ ಹೋಗಲಿ ಎಂದು ಬೇಡುತ್ತಿದೆ. ನಮ್ಮ ಮನೆಯಲ್ಲಿ ಮಾತ್ರ ಇರಲಿ ಎಂದು… ಛೆ.

ಜುಲೈ 20

ಕಳಕಪ್ಪ ಹೇಳದೆ ಕೇಳದೆ ಬಂದರು. ಲಗ್ನದ ಸೀರೆ ಆರಿಸಲು. ಅವರ ಕಣ್ಣು ವಾಸಿಯಾಗಿದೆ, ಚಷ್ಮಾ ಇಲ್ಲ. ಅವ್ವ ನನ್ನನ್ನು ಹಿತ್ತಲ ಬಾಗಿಲಿಂದ ಪಕ್ಕದ ಅಮೀನಬಿಯ ಮನೆಗೆ ಅಟ್ಟಿದಳು. ಮಗ ಕಾರ್ಡು ಪ್ರಿಂಟ್ ಮಾಡಿಸಲು ಹುನಗುಂದಕ್ಕೆ ಹೋಗಿದ್ದಾನೆ ಎಂದು ಅವರಿಗೆ ಹೇಳಿದ್ದು ಗೋಡೆಯಾಚೆ ಕೇಳಿಸಿತು.

ಅಮೀನಬಿ ನೂಲು ಸುತ್ತುತ್ತಿದ್ದಳು. ನನ್ನನ್ನು ಎತ್ತಿ ಆಡಿಸಿದವಳು. ಸುಮ್ಮನಿರಲಿಲ್ಲ.

"ಲಗ್ನದ ಹುಡುಗ ಕಳ್ಳನಂಗ ಕುಂತೀಯಲ್ಲೋ ಹುಚ್ಚೇಶ. ಲಗ್ನ ಆದಮ್ಯಾಲ ಎಷ್ಟ ದಿವಸ ಚಷ್ಮಾ ಹಾಕ್ಕೊಂಡ ಮಲಗ್ತಿ?"

ನಾನು ಚಷ್ಮಾ ತೆಗೆದು ಅಂಗಿಯ ಚುಂಗಿನಿಂದ ಒರೆಸತೊಡಗಿದೆ.

ಜುಲೈ 27. ಬಾದಾಮಿ ಬಸ್ ಸ್ಟ್ಯಾಂಡ್

ಹೇಳಿಬಿಟ್ಟೆ. ಅವ್ವನಿಗೆ ತಿಳಿಸದೆ ಕುಳಗೇರಿ ಕ್ರಾಸಿಗೆ ಹೋಗಿದ್ದೆ. ಈಗ ಇಳಕಲ್ಲಿನ ಬಸ್ಸಿಗೆ ಕಾಯುತ್ತಿದ್ದೇನೆ.

ಅಂಗಡಿಗೆ ಹೋಗಿ ಚಷ್ಮಾ ತೆಗೆದೆ. ಕಳಕಪ್ಪ ಅರಿವೆ ಅಳೆಯುವುದನ್ನು ಬಿಟ್ಟು ನೋಡಿದರು.

"ನಮ್ಮನ್ನೆಲ್ಲಾ ಕುರುಡರನ್ನ ಮಾಡಿದ್ರಲ್ಲೋ!"

ಕೂಗು ಕೇಳಿ ಕಾಳವ್ವ ಒಳಗಿಂದ ಬಂದಳು. ಈಗ ಅವಳಿಗೆ ಬೇನೆ. ರೆಪ್ಪೆ ಬಾತು ಮುಚ್ಚಿಬಿಟ್ಟಿವೆ. ಗೋಡೆ ಹಿಡಿದು ನಿಂತಳು. ಮುಖ ತೋರಿಸಲು ಹೋಗಿದ್ದೆ, ಬಾಯಿಂದಲೇ ಹೇಳಬೇಕಾಯಿತು. ಲಾಳಿ, ಎಡಗಣ್ಣು, ಅವ್ವ ಮಾಡಿದ ಅವಸರ — ಎಲ್ಲ.

ಕಳಕಪ್ಪ ಬಾಗಿಲು ತೋರಿಸಿದರು.

"ತಡಿ ಯಪ್ಪಾ. ಅವರ ತಾವಾಗೇ ಬಂದು ಹೇಳ್ಯಾರ," ಎಂದಳು ಕಾಳವ್ವ. ಆಮೇಲೆ ನನ್ನ ದನಿ ಬಂದ ಕಡೆ ತಿರುಗಿ, "ಅವತ್ತ ನಾ ನಿಮ್ಮನ್ನ ನೋಡೇ ಇಲ್ಲ ಅಂತ ತಿಳೀತೇನಿ. ನನ್ನ ಕಣ್ಣ ಬಿಡ್ಲಿ. ಎಂಟ ದಿವಸ ಬಿಟ್ಟು ಬರ್ರಿ."

ಬಸ್ಸು ಬಂತು.

ಆಗಸ್ಟ್ 7

ಮೊನ್ನೆ ಹೋಗಿಬಂದೆ. ಚಷ್ಮಾ ಇಲ್ಲದೆ. ಬಸ್ಸಿನಲ್ಲಿ ಎದುರು ಕೂತವರು ಒಮ್ಮೆ ನೋಡಿ ಆಚೆ ತಿರುಗಿದರು.

ಅಂಗಡಿ ಬಾಗಿಲಲ್ಲಿ ಕಾಳವ್ವ. ಕಣ್ಣು ತಿಳಿಯಾಗಿವೆ. ನಾನು ತಲೆ ತಗ್ಗಿಸಿದೆ.

"ಮಾರಿ ಎತ್ತರಿ."

ಎತ್ತಿದೆ. ಅವಳು ಎಡಗಣ್ಣನ್ನೇ ನೋಡಿದಳು. ರಸ್ತೆಯಲ್ಲಿ ಒಂದು ಲಾರಿ ಹೋಯಿತು, ಇನ್ನೊಂದು ಹೋಯಿತು.

"ನನಗ ಒಪ್ಪಿಗಿ ಐತಿ," ಎಂದಳು. "ಆದ್ರ ನಿಮ್ಮವ್ವ ಬಂದು ನಮ್ಮಪ್ಪನ ಮುಂದ ಖರೆ ಹೇಳಬೇಕು. ಹಂಗಾದ್ರಷ್ಟ."

ಕಳಕಪ್ಪ ಚಹಾ ತರಿಸಿದರು.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. "ಅವರು ಕೇಳಲಿಲ್ಲ, ನಾ ಹೇಳಲಿಲ್ಲ. ಅದು ಸುಳ್ಳೇನು?" ಎಂದು ಒಲೆಯ ಮುಂದೆ ಕೂತಳು. ಎರಡು ದಿನವಾಯಿತು. ಊಟಕ್ಕೆ ಬಡಿಸುತ್ತಾಳೆ, ಅಷ್ಟೇ.

ಆಗಸ್ಟ್ 9. ಬೆಳಿಗ್ಗೆ ಐದೂವರೆ

ಎದ್ದು ನೋಡಿದರೆ ಅವ್ವ ಪೆಟ್ಟಿಗೆಯಿಂದ ತೆಗೆದ ಸೀರೆ ಉಟ್ಟಿದ್ದಾಳೆ. ಗೋಡೆಗೆ ಮುಖ ಮಾಡಿ ತನ್ನಷ್ಟಕ್ಕೆ ಏನೋ ಹೇಳಿಕೊಳ್ಳುತ್ತಿದ್ದಾಳೆ.

"ನಮ್ಮ ಹುಚ್ಚೇಶನ ಎಡಗಣ್ಣು…"

ಅಲ್ಲಿಗೇ ನಿಂತಳು. ಇಪ್ಪತ್ತೆರಡು ವರ್ಷದಲ್ಲಿ ಈ ಮಾತು ಅವಳ ಬಾಯಿಂದ ಬಂದೇ ಇಲ್ಲ. ಮತ್ತೆ ಶುರು ಮಾಡಿದಳು. ಮತ್ತೆ ಅಲ್ಲೇ ನಿಂತಳು. ಮೂರನೆಯ ಸಲ ಅಳುತ್ತಲೇ ಪೂರ್ತಿ ಹೇಳಿದಳು.

"…ಕಾಣಂಗಿಲ್ರೀ. ನಂದ ತಪ್ಪಾಗೇತಿ."

ಸೆರಗಿನಿಂದ ಮುಖ ಒರೆಸಿಕೊಂಡಳು. ಈಗ ನನ್ನ ಕಡೆ ತಿರುಗಿದ್ದಾಳೆ.

"ಬರಕೋತ ಕುಂತೀಯಲ್ಲೋ, ಬಸ್ಸು—"