ಕೂಸು ಕೂರುವ ಕಾರು

ಹೊಸಪೇಟೆ
೧೪ ನವೆಂಬರ್ ೨೦೨೫, ಶುಕ್ರವಾರ

ಮುದ್ದು ಸೊಸೆ ಮೇಧಾಳಿಗೆ ಅತ್ತೆ ಇಂದಿರಾಬಾಯಿಯ ಮನಸಾರೆ ಆಶೀರ್ವಾದಗಳು.

ಹೇಗಿದ್ದೀಯಮ್ಮಾ? ಸೊಂಟನೋವು ಇಳಿಯಿತೇ? ಧಾರವಾಡದಲ್ಲಿ ಥಂಡಿ ಶುರುವಾಗಿರಬೇಕು, ಬಾಣಂತಿ ನೀನು, ಕಿವಿಗೆ ಹತ್ತಿ ಇಟ್ಟುಕೊಂಡೇ ಓಡಾಡು. ಕೂಸು ಗೋಣು ಎತ್ತಲು ನೋಡುತ್ತಾಳೆ ಎಂದು ನಿಮ್ಮಮ್ಮ ಹೇಳಿದಾಗಿನಿಂದ ನನಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಬಾಯಿ ತೆರೆದರೆ ನಿನ್ನ ಗಂಡ ಪಕ್ಕದಲ್ಲಿ ನಿಂತು ನಗುತ್ತಾನೆ, ನಿನ್ನ ಮಾವನವರು ನಡುವೆ ಬಾಯಿ ಹಾಕುತ್ತಾರೆ. ಕಾಗದವಾದರೆ ಯಾರ ಕಾಟವೂ ಇಲ್ಲ.

ದೊಡ್ಡ ಸುದ್ದಿ ಏನೆಂದರೆ, ವಿದ್ಯಾಧೀಶ ಹೊಸ ಕಾರು ನೋಡಿದ್ದಾನೆ! ಸಂಡೂರಿನ ಗಣಿಯಲ್ಲಿ ದಿನಾ ಅದಿರು ಲಾರಿಗಳನ್ನು ನೋಡುವವನಲ್ಲವೇ, ಅಂಥ ಲಾರಿಗಳ ನಡುವೆ ನಮ್ಮ ಹಳೆಯ ಕಾರಿನಲ್ಲಿ ತನ್ನ ಮಗಳನ್ನು ಕರೆತರಲು ಅವನಿಗೆ ಧೈರ್ಯವಿಲ್ಲ. ಇದು ಆನೆಯಂಥ ಕಾರು. ಕರೆಂಟಿನಿಂದಲೂ ಓಡುತ್ತದೆ, ಪೆಟ್ರೋಲಿನಿಂದಲೂ ಓಡುತ್ತದೆ, ಮನೆಯಲ್ಲೇ ಮೊಬೈಲಿಗೆ ಹಾಕಿದಂತೆ ಚಾರ್ಜಿಗೆ ಹಾಕಬಹುದಂತೆ. ಅವನು ಬಣ್ಣ ತೋರಿಸಿದ, ಗಾಜಿನ ಮಾಡು ತೋರಿಸಿದ, ಸೀಟಿನ ಚರ್ಮ ತೋರಿಸಿದ. ನಾನು ಕೇಳಿದ್ದು ಒಂದೇ: ಇದರ ನಡತೆ ಹೇಗಪ್ಪಾ? ಹೆಣ್ಣು ತರುವಾಗ ವಿಚಾರಿಸುವುದಿಲ್ಲವೇ, ಹಾಗೆ ಇದನ್ನೂ ವಿಚಾರಿಸಬೇಕು ಎಂದು ಹಟ ಹಿಡಿದೆ. ನಿನ್ನನ್ನು ನೋಡಲು ಬರುವ ಮೊದಲು ನಿಮ್ಮ ಓಣಿಯ ಹಾಲಿನವಳನ್ನು ಕೇಳಿಯೇ ಬಂದಿದ್ದೆ, ಈಗ ಗೊತ್ತಾಯಿತೆಂದು ಮುಖ ಊದಿಸಿಕೊಳ್ಳಬೇಡ.

ಸಂಜೆಯಾದ ಮೇಲೆ ಅವನ ಲ್ಯಾಪ್‌ಟಾಪಿನ ಮುಂದೆ ಕನ್ನಡಕ ಹಾಕಿಕೊಂಡು ಕೂತೆ. ಪರದೇಶದಲ್ಲಿ ಕಾರಿನೊಳಗೆ ಗೊಂಬೆಗಳನ್ನು ಕೂರಿಸಿ ಬೇಕೆಂದೇ ಗೋಡೆಗೆ ಗುದ್ದಿಸಿ ನೋಡುತ್ತಾರೆ, ಆಮೇಲೆ ಸ್ಟಾರ್ ಕೊಡುತ್ತಾರೆ. ಇದಕ್ಕೆ ಐದಕ್ಕೆ ಐದು! ಆದರೆ ಗುದ್ದಿಸಿದ್ದು ಯಾವ ವರ್ಷ, ಈ ಬ್ಯಾಟರಿ ಇರುವುದನ್ನೋ ಬರೀ ಪೆಟ್ರೋಲಿನದನ್ನೋ, ನಮ್ಮ ದೇಶಕ್ಕೆ ಬರುವುದು ಅದೇಯೋ ಬೇರೆಯೋ ಎಂದು ನಾನು ಕೇಳಿದಾಗ ನಿನ್ನ ಗಂಡ ತಲೆ ಕೆರೆದುಕೊಂಡ. ಹುಡುಕಿ ಹುಡುಕಿ, ಇದೇ ಎಂದು ಖಾತ್ರಿಯಾಯಿತು. ಗುದ್ದಿದರೆ ಕರೆಂಟು ತಾನಾಗಿ ಕಡಿದುಹೋಗುತ್ತದೆ. ಒಮ್ಮೆ ಬ್ರೇಕಿನಲ್ಲಿ ಏನೋ ದೋಷ ಕಂಡು ಕಂಪನಿಯವರೇ ಎಲ್ಲ ಕಾರು ವಾಪಸು ಕರೆಸಿ ಸರಿಮಾಡಿದ್ದರು. ನಿನ್ನ ಮಾವನವರು ಅದಕ್ಕೆ ಮೂಗು ಮುರಿದರು. ನನಗೋ, ಮುಚ್ಚಿಡದೆ ಹೇಳಿದರಲ್ಲ ಎಂದು ನಂಬಿಕೆಯೇ ಹೆಚ್ಚಾಯಿತು. ಮಕ್ಕಳ ವಿಷಯದಲ್ಲಂತೂ ದೊಡ್ಡವರಿಗಿಂತ ಹೆಚ್ಚು ಅಂಕ! ಕುಣಿಯುವುದೊಂದು ಬಾಕಿ. ಆದರೆ ಅಲ್ಲಿ ಕೂಸಿನ ಗೊಂಬೆ ಹಿಂದಕ್ಕೆ ಮುಖ ಮಾಡಿ, ತನ್ನದೇ ಪುಟ್ಟ ಸೀಟಿನಲ್ಲಿ ಬೆಲ್ಟಿನೊಳಗೆ ಕೂತಿತ್ತು. ಅದು ಅಜ್ಜಿಯರಿಲ್ಲದ ದೇಶದವರ ಪದ್ಧತಿ ಎಂದು ನಾನು ತಳ್ಳಿಹಾಕಿದೆ.

ಏಕೆಂದರೆ ಮೇಧಾ, ನಮ್ಮ ಮನೆಯಲ್ಲಿ ಕೂಸು ಮೊದಲ ಸಲ ಬರುವುದು ಅಜ್ಜಿಯ ತೊಡೆಯ ಮೇಲೆ. ವಿದ್ಯಾಧೀಶನನ್ನು ಗದಗಿನ ನನ್ನ ತವರಿನಿಂದ ತರುವಾಗ ನಮ್ಮತ್ತೆ ದಾರಿಯುದ್ದಕ್ಕೂ ಅವನನ್ನು ನನ್ನ ಕೈಗೆ ಕೊಡಲಿಲ್ಲ. ಆಗ ಒಳಗೊಳಗೇ ಉರಿದುಕೊಂಡೆ, ಇರಲಿ, ನನಗೂ ಒಂದು ದಿನ ಬರುತ್ತದೆ ಎಂದುಕೊಂಡೆ. ಆ ದಿನ ಈಗ ಬರುತ್ತಿದೆ ಎಂದೇ ನನಗೆ ಇಷ್ಟು ಸಡಗರ.

ಲ್ಯಾಪ್‌ಟಾಪ್ ಹೇಳಿದ್ದು ಸಾಲದೆಂದು ಬುಧವಾರ ನಾನೂ ವಿದ್ಯಾಧೀಶನೂ ಕಂಪ್ಲಿಗೆ ಹೋದೆವು. ಅಲ್ಲಿ ನಿನ್ನ ಮಾವನವರ ಗೆಳೆಯ, ರೈಸ್ ಮಿಲ್ಲಿನ ಬಸವರಾಜ್ ಇದೇ ಕಾರು ಇಟ್ಟಿದ್ದಾರೆ. ಅವರ ಹೆಂಡತಿ ಚೆನ್ನಬಸಮ್ಮ ಮಂಡಕ್ಕಿ ಮಿರ್ಚಿ ಕೊಟ್ಟು, ಹೊರಡುವಾಗ ಅಕ್ಕಿ, ರವಿಕೆ ಕಣ, ತೆಂಗಿನಕಾಯಿ ಹಾಕಿ ಉಡಿ ತುಂಬಿದಳು. ಅಷ್ಟರಲ್ಲಿ ಬಸವರಾಜ್, “ಬರ್ರಿ ಬಾಯಾರ, ಒಂದು ರೌಂಡ್ ಹೊಡದು ಬರೂಣು, ಕುಂದ್ರಿ” ಎಂದರು. ಉಡಿ ಸಮೇತ ಹಿಂದೆ ಹತ್ತಿದೆ. ನೋಡಿದರೆ ಬೆಲ್ಟುಗಳನ್ನೆಲ್ಲ ಸೀಟಿನ ಬೆನ್ನಿಗೇ ಸಿಗಿಸಿಬಿಟ್ಟಿದ್ದಾರೆ! “ಹಾಕ್ಕೊಳ್ಳಿಲ್ಲಂದ್ರ ಪೀಂ ಪೀಂ ಅಂತ ಭಾಳ ಒದರತೈತ್ರಿ ಅದು, ಅದಕ್ಕ ಹಂಗ ಮಾಡೀವಿ” ಅಂತೆ. ನಾನು ಬಿಡಿಸಿ ಹಾಕಿಕೊಂಡೆ. ಮುಂದೆ ಕೂತ ನಿನ್ನ ಗಂಡನಿಗೂ ಹಾಕಿಸಿದೆ, ಬಸವರಾಜರೂ ನಾಚಿ ಹಾಕಿಕೊಂಡರು.

ಏನು ಓಟ ಅಂತೀ! ಸದ್ದೇ ಇಲ್ಲ. ಯಾರೂ ನೋಡದಂತೆ ನಾನು ತೆಂಗಿನಕಾಯಿಯನ್ನೇ ಕೂಸೆಂದುಕೊಂಡು ಎರಡೂ ಕೈಯಲ್ಲಿ ಅಪ್ಪಿ ಹಿಡಿದು ತಾಲೀಮು ಮಾಡುತ್ತಿದ್ದೆ. ಕಾಲುವೆ ತಿರುವಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಗದ್ದೆಯಿಂದ ಹಿಮ್ಮುಖವಾಗಿ ರಸ್ತೆಗೇ ಬಂತು. ಬಸವರಾಜರ ಕಾಲು ಬ್ರೇಕು ಮುಟ್ಟುವ ಮೊದಲೇ ಕಾರು ತಾನೇ ನಿಂತುಬಿಟ್ಟಿತು! ಬೆಲ್ಟು ನನ್ನನ್ನು ಗಟ್ಟಿಯಾಗಿ ಹಿಡಿಯಿತು, ಕೂದಲೂ ಕೊಂಕಲಿಲ್ಲ. “ನೋಡಿದ್ರಿಲ್ರೀ, ಹೆಂಗ ಮಸ್ತ್ ನಿಂತ್ತು!” ಎಂದು ಅವರು, ವಾಹ್ ವಾಹ್ ಎಂದು ನಿನ್ನ ಗಂಡ. ನಾನು ಮಾತ್ರ ಬರಿಗೈ ನೋಡುತ್ತಾ ಕೂತಿದ್ದೆ. ತೆಂಗಿನಕಾಯಿ ಮುಂದಿನ ಸೀಟಿನ ಬೆನ್ನಿಗೆ ಫಟ್ಟನೆ ಹೊಡೆದು ಕೆಳಗೆ ಉರುಳಿತ್ತು. ನಾವು ಜೋರಾಗಿಯೂ ಹೋಗುತ್ತಿರಲಿಲ್ಲ. ನಾನು ಸಡಿಲವಾಗಿಯೂ ಹಿಡಿದಿರಲಿಲ್ಲ ಮೇಧಾ, ಜೀವ ಬಿಗಿಹಿಡಿದಂತೆ ಹಿಡಿದಿದ್ದೆ. ಮನೆಗೆ ಬಂದು ದೇವರ ಮುಂದೆ ಕೂತು ಅತ್ತುಬಿಟ್ಟೆ.

ಕಾರಿಗೆ ನನ್ನ ಒಪ್ಪಿಗೆ ಇದೆ, ಬುಕ್ ಮಾಡು ಎಂದು ವಿದ್ಯಾಧೀಶನಿಗೆ ಹೇಳಿಯಾಯಿತು. ನೀನು ಸಬ್ಬಸಿಗೆ ಸೊಪ್ಪು ಬಿಡದೆ ತಿನ್ನು. ನಿಮ್ಮಮ್ಮ, ಅಪ್ಪನಿಗೆ ನಮ್ಮಿಬ್ಬರ ನಮಸ್ಕಾರ ತಿಳಿಸು. ಕೂಸಿನ ಹಣೆಗೆ ನನ್ನ ಪರವಾಗಿ ಒಂದು ಮುತ್ತು ಕೊಡು.

ಇಂತು, ನಿನ್ನ ಅತ್ತೆ
ಇಂದಿರಾಬಾಯಿ

ತಾ.ಕ.: ಮುಖ್ಯವಾದದ್ದೇ ಉಳಿಯಿತು. ಕೂಸಿನ ಪುಟ್ಟ ಸೀಟು ಇವತ್ತು ಬಂತು, ಹಳೆಯ ಕಾರಿಗೂ ಸರಿಯಾಗಿ ಕೂರುತ್ತದೆ. ಹೊಸ ಕಾರು ಬರುವುದು ತಡವಾದರೂ ಸರಿ, ನಮ್ಮ ಹುಡುಗಿ ಆ ಸೀಟಿನಲ್ಲೇ ಬರಲಿ. ಹೊರಡುವಾಗ ನಿಮ್ಮಮ್ಮ ಪದ್ಧತಿಯಂತೆ ಕೂಸನ್ನು ನನ್ನ ಕೈಗೆ ಕೊಡುತ್ತಾರೆ. ಕಾರಿನ ಬಾಗಿಲವರೆಗೆ ನಾನೇ ಎತ್ತಿಕೊಂಡು ಬರುತ್ತೇನೆ, ಅಷ್ಟು ಮಾತ್ರ ನನಗೆ ಬಿಟ್ಟುಕೊಡು. ಅಲ್ಲಿ ನೀನು ಕೈ ಚಾಚಬೇಕು. ಕೊಪ್ಪಳ ದಾಟಿದ ಮೇಲೆ ಸೀಟಿನಲ್ಲಿ ಕೂರಿಸೋಣ, ನಿಧಾನವಾಗಿ ಹೋಗೋಣ ಎಂದೆಲ್ಲ ನಾನು ನೆಪ ತೆಗೆಯುತ್ತೇನೆ, ನನಗೆ ನನ್ನ ಬುದ್ಧಿ ಗೊತ್ತು. ಅತ್ತೆ ಎಂದು ಸಂಕೋಚ ಪಡಬೇಡ. ನನ್ನ ಕೈಯಿಂದ ಕೂಸನ್ನು ಕಿತ್ತುಕೋ.