ಮಾತು ಕೊಟ್ಟ ಅಪ್ಪ

ನನ್ನ ಪ್ರೀತಿಯ ಗುರುಗಳೇ,

ರೋಣದ ಕಾಲೇಜಿನಲ್ಲಿ ನೀವು ಮಾಡಿದ ಮೊದಲ ತತ್ವಶಾಸ್ತ್ರದ ಪಾಠ ನಿಮಗೆ ನೆನಪಿದೆಯೇ? ನಿಮ್ಮ ಹಳೆಯ ಸೈಕಲ್ಲಿನ ಗಾಲಿ, ಚೈನು, ಸೀಟು, ಕೊನೆಗೆ ಚೌಕಟ್ಟೂ ಬದಲಾಗಿ, ಅದು ಕಳುವಾದಾಗ ಪೊಲೀಸರು ಕೇಳಿದ್ದರು: "ಯಾವ ಸೈಕಲ್ ಹೋತ್ರಿ?" "ಇಪ್ಪತ್ ವರ್ಷದಿಂದ ನಾನೂ ಅದನ್ನ ಕೇಳಾಕತ್ತೇನ್ರಿ" ಅಂದೆ ಎಂದು ನೀವು ಹೇಳಿದಾಗ ನಾವು ಬಿದ್ದು ಬಿದ್ದು ನಕ್ಕೆವು. ಎಲ್ಲ ಬದಲಾದ ಮೇಲೂ ವಸ್ತು ಅದೇ ವಸ್ತುವೇ ಎಂಬ ಪ್ರಶ್ನೆ ಆಮೇಲೆ ಬಂತು. ಈಗ ಅದೇ ಕೋಣೆಯಲ್ಲಿ ಪಾಠ ಮಾಡುವ ನಾನೂ ಆ ಕಥೆ ಹೇಳುತ್ತೇನೆ. ಅದು ಹೀಗೆ ನನ್ನ ಮೇಲೇ ತಿರುಗೀತೆಂದು...

ಪರೀಕ್ಷೆಗೆ ಮೂರು ವಾರವಿದ್ದ ಆ ಬೆಳಿಗ್ಗೆ ಕಣ್ಣ ಮುಂದಿದೆ. ಗಜೇಂದ್ರಗಡದ ಅರಿವೆ ಅಂಗಡಿಯ ಸಾಹುಕಾರರು ಮಗಳು ರೇಣುಕಾಳ ರಟ್ಟೆ ಹಿಡಿದು ನೇರ ನನ್ನ ತರಗತಿಗೇ ಬಂದರು. ಓದು ಮುಗಿಯುವವರೆಗೆ ಮದುವೆ ಮಾಡುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟಿದ್ದವರು ಅವರೇ. ಈಗ ನರಗುಂದದಿಂದ ಒಳ್ಳೆಯ ಸಂಬಂಧ ಬಂದಿತ್ತು. "ಅವಾಗಿನ ಮಾತ ಬ್ಯಾರೆ" ಎಂದು ಅವರು ಅಂದಾಗ ಅವಳು ಗಂಡಿನ ಕಡೆಯವರ ಎದುರೇ ಕೇಳಿದ್ದಳು: "ಮಾತ ಕೊಟ್ಟ ಅಪ್ಪನೂ ಬ್ಯಾರೆ ಏನು?"

"ನಾಕ ಮಂದ್ಯಾಗ ನನ್ನ ಮಾನ ಕಳದಾಳ್ರಿ. ಇದನ್ನ ಕಲಸ್ತೀರೇನು? ಇವತ್ತಿಗೆ ಇಕಿ ಕಾಲೇಜ ಬಂದ್!" ಸಾಹುಕಾರರು ನನ್ನ ಮೇಲೆ ರೇಗಿದರು.

"ನಕ್ಕವ್ರು ನಿಂತ ಕೇಳ್ತಾರವಾ" ಎನ್ನುತ್ತಿದ್ದಿರಿ. ನಗದವರ ಎದುರು ಏನು ಮಾಡಬೇಕೆಂದು ಹೇಳಿಕೊಡಲೇ ಇಲ್ಲವಲ್ಲ? ಬೇರೇನೂ ತೋಚದೆ, ಅವರನ್ನು ಬೇಡಿಕೊಂಡು ಕೂರಿಸಿ, ಸೈಕಲ್ ಕಥೆಯನ್ನೇ ಹೇಳಿದೆ. ಇಡೀ ತರಗತಿಯಲ್ಲಿ ಒಬ್ಬರೂ ನಗಲಿಲ್ಲ.

ಸಾಹುಕಾರರು ನನ್ನನ್ನೇ ದಿಟ್ಟಿಸಿದರು. "ಸೈಕಲ್ ಎಷ್ಟ ಬದಲಾದ್ರೂ ತುಳಿಯೋ ಮಾಸ್ತರ ಅವರೇ ಅಲ್ಲೇನ್ರಿ?"

"ಹಂಗಾದ್ರ ಮಾತ ಕೊಟ್ಟಾಂವ ನೀನ ಅಲ್ಲೇನಪ್ಪಾ?" ರೇಣುಕಾ ಅಳುತ್ತಿದ್ದಳು.

ಅವರ ಮುಖ ಕಪ್ಪಿಟ್ಟಿತು. ಹೊಡೆದೇಬಿಡುತ್ತಾರೆ ಎಂದುಕೊಂಡೆ. ಆದರೆ ಅವರು ಎದ್ದು, ಮಗಳನ್ನು ಕರೆದುಕೊಂಡು ಹೊರಟುಹೋದರು.

ನಾಲ್ಕು ದಿನ ಅವಳ ಜಾಗ ಖಾಲಿ ಇತ್ತು. "ನಗಸೋದ್ ಬಿಡ್ರಿ ಮೇಡಂ, ಪುಸ್ತಕದಾಗ ಇದ್ದಷ್ಟ ಹೇಳ್ರಿ" ಎಂದು ಪ್ರಾಚಾರ್ಯರು ಎಚ್ಚರಿಸಿದರು. ಒಂದು ತಮಾಷೆಗಾಗಿ ಒಬ್ಬ ಹುಡುಗಿಯ ಓದನ್ನೇ ಕಳೆದೆನೇ?

ಐದನೆಯ ದಿನ ಅವಳು ಬಾಗಿಲಲ್ಲಿ ನಿಂತಿದ್ದಳು. "ಅಪ್ಪ ನರಗುಂದಕ್ಕ ಫೋನ್ ಮಾಡ್ಯಾನ್ರಿ. ಮಗಳಿಗೆ ಮೊದಲೇ ಮಾತ ಕೊಟ್ಟೇನಿ, ಈಗ ಆಗೂದಿಲ್ಲ ಅಂದಾನ್ರಿ."

ನಿಮಗೆ ತಲುಪದ ಸುದ್ದಿ ಇನ್ನೊಂದಿದೆ, ಗುರುಗಳೇ. ರೇಣುಕಾ ಈಗ ಧಾರವಾಡದಲ್ಲಿ ಎಂ.ಎ. ಸೇರಿದ್ದಾಳೆ, ತತ್ವಶಾಸ್ತ್ರವನ್ನೇ ಆರಿಸಿಕೊಂಡು. ಸಾಹುಕಾರರು ಈಗಲೂ ನನ್ನೊಡನೆ ಮಾತಾಡುವುದಿಲ್ಲ. ಆದರೆ ಅವಳು ಹೊರಟ ದಿನ ಬಸ್ ನಿಲ್ದಾಣದಲ್ಲಿ ನಾನು ನೋಡಿದೆ: ಅವಳ ಪುಸ್ತಕದ ಚೀಲ ಅವರ ಹೆಗಲ ಮೇಲಿತ್ತು.